ವಿಜಯಪುರದ ಬರ: ಒಡ್ಡಿನ ಎಕರೆಯಿಂದ ಹಸಿಯ ಲೆಕ್ಕದವರೆಗೆ

ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಕೃಷಿಯ ಬಗ್ಗೆ ವರದಿಗಳಿಗೆ ಈಗ ಬರವಿಲ್ಲ. ಎಷ್ಟು ಕೃಷಿ ಹೊಂಡ ತೋಡಲಾಯಿತು, ಎಷ್ಟು ಎಕರೆಗೆ ಹನಿ ನೀರಾವರಿ ಬಂತು, ಎಷ್ಟು ರೈತರಿಗೆ ತರಬೇತಿ ಆಯಿತು ಎಂಬ ಅಂಕಿಗಳು ಸುಲಭವಾಗಿ ಸಿಗುತ್ತವೆ. ಮಳೆ ಕೈಕೊಟ್ಟ ವರ್ಷ ಆ ಹೊಲದಲ್ಲಿ ಜೋಳ ಎಷ್ಟು ಉಳಿಯಿತು, ಆ ಮನೆಯವರು ಗುಳೆ ಹೋದರೋ ಇಲ್ಲವೋ ಎಂಬುದು ಮಾತ್ರ ಸಿಗುವುದು ಅಪರೂಪ. ಸರಾಸರಿ 600 ಮಿಲಿಮೀಟರ್ ಆಸುಪಾಸಿನ ಮಳೆಯನ್ನೇ ನಂಬಿ ಬದುಕುವ ವಿಜಯಪುರದಲ್ಲಿ ಈ ಕೊರತೆ ಇವತ್ತು ಹುಟ್ಟಿದ್ದಲ್ಲ.

1876ರಿಂದ 78ರವರೆಗಿನ ಘೋರ ಬರ ಬಂದಾಗ ಇದು ಮುಂಬಯಿ ಪ್ರಾಂತ್ಯದ ಕಲಾದಗಿ ಜಿಲ್ಲೆ. ಜನ, ದನ ಎರಡೂ ಸತ್ತವು, ಊರುಗಳು ಖಾಲಿಯಾದವು. ಆ ದುರಂತದ ಬೆನ್ನಿಗೆ ಬಂದ 1880ರ ಕ್ಷಾಮ ಆಯೋಗ ಮತ್ತು ಕ್ಷಾಮ ಸಂಹಿತೆಗಳು ಬರವನ್ನು ಗುರುತಿಸುವ ಒಂದು ಕ್ರಮ ಹಾಕಿಕೊಟ್ಟವು. ಬೆಳೆಯನ್ನು ಆಣೆಯಲ್ಲಿ (ಒಂದು ಆಣೆ ಎಂದರೆ ರೂಪಾಯಿಯ ಹದಿನಾರನೇ ಪಾಲು) ಅಂದಾಜು ಮಾಡುವ ಆಣೆವಾರಿ ಪದ್ಧತಿ ಕಂದಾಯ ಇಲಾಖೆಯ ಕೈಯಲ್ಲಿತ್ತು. ಇಷ್ಟು ಆಣೆಗಿಂತ ಬೆಳೆ ಕೆಳಗಿಳಿದರೆ ವಸೂಲಿ ಮುಂದಕ್ಕೆ ಹಾಕಬೇಕು, ಅಷ್ಟೇ. ಅಂದರೆ ನಮ್ಮ ನೆಲದಲ್ಲಿ ಬರದ ಮೊದಲ ಅಳತೆ ಹುಟ್ಟಿದ್ದು ಸರಕಾರಕ್ಕೆ ಬರಬೇಕಾದ ಕಂದಾಯದ ಚಿಂತೆಯಿಂದ. ಬರ ತಡೆದುಕೊಳ್ಳುವ ಶಕ್ತಿಯನ್ನು ಅಳೆಯುವ ಯೋಚನೆ ಅದರಲ್ಲಿ ಇರಲಿಲ್ಲ.

ಆ ಯೋಚನೆ ಬಂದದ್ದು 1930ರ ದಶಕದಲ್ಲಿ. ಸೊಲ್ಲಾಪುರ, ವಿಜಯಪುರ, ರಾಯಚೂರು, ಹಗರಿ, ರೋಹ್ಟಕ್ ಈ ಐದು ಕಡೆ ಒಣಬೇಸಾಯದ ಸಂಶೋಧನಾ ಕೇಂದ್ರಗಳು ಶುರುವಾದವು. ಬಿದ್ದ ಮಳೆಯಲ್ಲಿ ಎಷ್ಟು ಹರಿದುಹೋಯಿತು, ಎಷ್ಟು ಮಣ್ಣಲ್ಲಿ ನಿಂತಿತು ಎಂದು ಲೆಕ್ಕ ಹಾಕುವ ಕೆಲಸವನ್ನು ಅಲ್ಲಿನ ವಿಜ್ಞಾನಿಗಳು ತೊಂಬತ್ತು ವರ್ಷದ ಹಿಂದೆಯೇ ಕೈಗೆತ್ತಿಕೊಂಡಿದ್ದರು. ನನ್ನ ದೃಷ್ಟಿಯಲ್ಲಿ ಸರಿಯಾದ ಪ್ರಶ್ನೆ ಅದೇ ಆಗಿತ್ತು.

ಆದರೆ ಪ್ರಯೋಗದ ಹೊಲದಿಂದ ಊರ ಹೊಲಕ್ಕೆ ಬರುವಾಗ ಪ್ರಶ್ನೆ ಬದಲಾಯಿತು. 1942ರಲ್ಲಿ ಮುಂಬಯಿ ಪ್ರಾಂತ್ಯ ಭೂಸುಧಾರಣೆ ಯೋಜನೆಗಳ ಕಾಯ್ದೆ ತಂದಿತು. ಊರಿಗೆ ಊರೇ ಹೊಲಗಳಿಗೆ ಒಡ್ಡು (ನೀರು, ಮಣ್ಣು ತಡೆಯುವ ಮಣ್ಣಿನ ಏರಿ) ಹಾಕಿಸಿ ಖರ್ಚಿನ ಪಾಲನ್ನು ರೈತರಿಂದ ಪಡೆಯಲು ಅದು ದಾರಿ ಮಾಡಿಕೊಟ್ಟಿತು. ಕೆಲಸ ದೊಡ್ಡದೇ, ಅದನ್ನು ಹಗುರ ಮಾಡುವಂತಿಲ್ಲ. ಮಸಾರಿ (ಕೆಂಪು) ಮತ್ತು ತೆಳು ಮಣ್ಣಿನಲ್ಲಿ ಒಡ್ಡು ಮಣ್ಣನ್ನು ಉಳಿಸಿತು. ಪ್ರಗತಿಯ ಅಳತೆ ಮಾತ್ರ ಒಂದೇ: ಎಷ್ಟು ಎಕರೆಗೆ ಒಡ್ಡು ಬಿತ್ತು.

ಡೋಣಿ ನದಿ ಸಾಲಿನ ಆಳವಾದ ಎರಿ (ಕಪ್ಪು ಮಣ್ಣಿನ) ಭೂಮಿ ಈ ಲೆಕ್ಕಕ್ಕೆ ಬಗ್ಗಲಿಲ್ಲ. ಎರಿ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಅದರ ಮೇಲಿನ ಒಡ್ಡೂ ಬಿರಿಯುತ್ತದೆ. ಜೋರು ಮಳೆಗೆ ನೀರು ಬಿರುಕಿನಲ್ಲೇ ದಾರಿ ಮಾಡಿಕೊಂಡು ಒಡ್ಡನ್ನು ಒಡೆಯುತ್ತದೆ. ಒಡೆಯದಿದ್ದರೆ ಒಡ್ಡಿನ ಮೇಲ್ಭಾಗದಲ್ಲಿ ನೀರು ನಿಂತು ಬೆಳೆ ಹಳದಿ ಬೀಳುತ್ತದೆ. ಇಂಥ ಮಣ್ಣಿಗೆ ಇಳಿಜಾರು ಕೊಟ್ಟ ಒಡ್ಡು ಬೇಕು, ಹೆಚ್ಚಾದ ನೀರಿಗೆ ಹೊರದಾರಿ ಬೇಕು ಎಂದು ಮುಂದೆ ಸಂಶೋಧಕರೇ ಹೇಳಿದರು. ಕಡತದಲ್ಲಿ ಒಡ್ಡು ಬಿದ್ದ ಎಕರೆ ಎಂದು ಬರೆದದ್ದು ಹಾಗೇ ಉಳಿಯಿತು.

ಎರಿಗೆ ಒಪ್ಪುವುದು ಚೌಕು ಮಡಿ. ಮುಂಗಾರಿನ ಹೊತ್ತಿಗೆ ಹೊಲವನ್ನು ಸಣ್ಣ ಚೌಕಗಳಾಗಿ ಮಾಡಿ ಗಿಡ್ಡ ಬದು ಎತ್ತಿದರೆ ನೀರು ಬಿದ್ದಲ್ಲೇ ಇಂಗುತ್ತದೆ. ಉತ್ತರಿ, ಹಸ್ತದ ಹೊತ್ತಿಗೆ ಬಿತ್ತಿದ ಬಿಳಿಜೋಳ ಮುಂದೆ ಮಳೆ ಬಾರದಿದ್ದರೂ ಆ ಹಸಿಯ ಮೇಲೆಯೇ ತೆನೆ ಕಟ್ಟಬೇಕು. ಈ ಜಿಲ್ಲೆಯ ಹಿಂಗಾರಿ ಬೇಸಾಯದ ಜೀವ ಇರುವುದೇ ಇಲ್ಲಿ. ವಿಜಯಪುರದ ಕೇಂದ್ರ 1970ರ ದಶಕದಿಂದ ಅಖಿಲ ಭಾರತ ಸಮನ್ವಯ ಒಣಬೇಸಾಯ ಸಂಶೋಧನಾ ಯೋಜನೆಯ ಭಾಗವಾಗಿ ಇದನ್ನು ರೈತರಿಗೆ ಶಿಫಾರಸು ಮಾಡುತ್ತ ಬಂದಿದೆ. ಆದರೆ ಚೌಕು ಮಡಿಯ ಬದುಗಳು ಬಿತ್ತನೆಯ ಹೊತ್ತಿಗೆ ಅಳಿಸಿಹೋಗುತ್ತವೆ. ಫೋಟೊ ತೆಗೆದು ಜಿಯೋ ಟ್ಯಾಗ್ ಮಾಡಿ ಆಸ್ತಿ ಎಂದು ತೋರಿಸಲು ಅಲ್ಲಿ ಏನೂ ಉಳಿಯುವುದಿಲ್ಲ. ಈ ನೆಲಕ್ಕೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಕೆಲಸವೇ ಲೆಕ್ಕಕ್ಕೆ ಸಿಗದ ಕೆಲಸವಾಗಿರುವುದು ನನ್ನನ್ನು ಬಹಳ ಕಾಡುತ್ತದೆ.

2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯ ಹೊಂಡಗಳು ಹಾಗಲ್ಲ, ಕಣ್ಣಿಗೆ ಕಾಣುತ್ತವೆ, ಎಣಿಸಬಹುದು. ತೆನೆ ಕಟ್ಟುವ ಹೊತ್ತಿಗೆ ಒಂದು ಸಲ ನೀರು ಕೊಡಲು ಸಿಕ್ಕರೆ ಜೋಳ, ಕಡಲೆ ಎರಡೂ ಬದುಕುತ್ತವೆ, ಹೊಂಡದ ತಿರುಳು ಅದು. ಹಾಗಾದರೆ ಕೇಳಬೇಕಾದ್ದು, ಎಷ್ಟು ಹೊಂಡ ಆದವು ಎಂಬುದರ ಜೊತೆಗೆ, ಹಸಿ ಆರಿದ ವಾರದಲ್ಲಿ ಎಷ್ಟು ಹೊಂಡಗಳಲ್ಲಿ ನೀರಿತ್ತು, ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಹರಿದಿತ್ತೋ ಗಟ್ಟಿಯಿತ್ತೋ ಎಂದು. ಕೆರೆ ತುಂಬಿಸುವ ಯೋಜನೆಗೂ ಇದೇ ಮಾತು. ಕೃಷ್ಣೆಯ ನೀರು ಬಂದು ಕೊಳವೆಬಾವಿ ಜೀವ ಹಿಡಿದವು ಎನ್ನುವುದು ಒಳ್ಳೆಯ ಸುದ್ದಿ. ಆ ನೀರಿನ ಬಲದ ಮೇಲೆ ಊರು ಕಬ್ಬಿಗೆ ಹೊರಳಿದರೆ ಮುಂದಿನ ಬರಕ್ಕೆ ಅದು ಇನ್ನಷ್ಟು ಸುಲಭದ ತುತ್ತಾಗುತ್ತದೆ. ಘಟಪ್ರಭೆ, ಮಲಪ್ರಭೆ ಅಚ್ಚುಕಟ್ಟಿನಲ್ಲಿ ಸವುಳು ಜವುಳಾದ (ಉಪ್ಪೇರಿ, ನೀರು ನಿಂತು ಕೆಟ್ಟ) ಹೊಲಗಳು ಒಂದು ಕಾಲಕ್ಕೆ ನೀರಾವರಿ ಪ್ರಗತಿಯ ಅಂಕಿಯಲ್ಲೇ ಇದ್ದವು.

ಅಳೆಯುವ ಸಲಕರಣೆ ಸುಧಾರಿಸಿದೆ ಎನ್ನುವುದನ್ನೂ ಹೇಳಬೇಕು. 1988ರಲ್ಲಿ ಕರ್ನಾಟಕ ಬರ ನಿಗಾ ಘಟಕ ಸ್ಥಾಪಿಸಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. ಅದೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಈಗ ಸ್ವಯಂಚಾಲಿತ ಮಳೆಮಾಪಕಗಳಿವೆ. 2009ರಲ್ಲಿ ಶುರುವಾದ ರಾಜ್ಯದ ಭೂಚೇತನ ಯೋಜನೆ ಮಣ್ಣು ಪರೀಕ್ಷೆಯ ಜೊತೆ ಇಳುವರಿಯನ್ನೂ ಅಳೆಯಿತು. ಕೇಂದ್ರ ಸರಕಾರದ 2016ರ ಬರ ಕೈಪಿಡಿಯಲ್ಲಿ ಮಳೆ ಮಾತ್ರವಲ್ಲ, ಮಣ್ಣಿನ ತೇವಾಂಶ, ಬಿತ್ತನೆಯ ಪ್ರಮಾಣ, ಉಪಗ್ರಹ ಕಂಡ ಹಸಿರು ಎಲ್ಲವೂ ಸೇರಿವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದದ್ದು ಇಂಥ ಮಾನದಂಡಗಳ ಮೇಲೆಯೇ. ಇಷ್ಟಾದರೂ ಇದು ನಷ್ಟದ ಅಳತೆ, ಪರಿಹಾರಕ್ಕಾಗಿ ಮಾಡಿದ್ದು.

ಹೊಂದಿಕೊಂಡದ್ದನ್ನು ಅಳೆಯುವುದು ಹೇಗೆಂದು ಜಗತ್ತಿಗೂ ತಕ್ಷಣ ತಿಳಿಯಲಿಲ್ಲ. 2015ರ ಪ್ಯಾರಿಸ್ ಒಪ್ಪಂದ ಹೊಂದಾಣಿಕೆಯ ಜಾಗತಿಕ ಗುರಿಯನ್ನು ಹೇಳಿತು. ಅದಕ್ಕೆ 59 ಸೂಚ್ಯಂಕಗಳ ಪಟ್ಟಿ ಬಂದದ್ದು ಹತ್ತು ವರ್ಷದ ನಂತರ, ಬ್ರೆಜಿಲ್‌ನ ಬೆಲೆಂ ಹವಾಮಾನ ಸಮ್ಮೇಳನದಲ್ಲಿ. ಇಂಗಾಲದ ಹೊಗೆಯನ್ನು ಟನ್ನಿನಲ್ಲಿ ತೂಗಬಹುದು. ಬರ ತಾಳಿಕೊಂಡ ಸಂಸಾರವನ್ನು ತೂಗಲು ಅಂಥ ಒಂದೇ ಮಾನ ಇಲ್ಲ.

ನಮ್ಮ ಊರುಗಳಿಗೆ ಬೇಕಾದ ಸೂಚ್ಯಂಕಗಳು ಊರಲ್ಲೇ ಇವೆ. ಮಾಘದಲ್ಲಿ ಕಣಿಕೆಯ (ಜೋಳದ ಒಣ ದಂಟಿನ) ಬಣವಿ ಎಷ್ಟು ಉಳಿದಿದೆ, ಎತ್ತು ಮಾರಿದವರು ಎಷ್ಟು ಮನೆ, ಯಾವ ತಾಂಡಾದಿಂದ ಕಬ್ಬು ಕಡಿಯಲು ಎಷ್ಟು ಜನ ಹೊರಟರು, ಶಾಲೆ ಬಿಟ್ಟ ಮಕ್ಕಳು ಎಷ್ಟು ಎಂದು ಊರಿನ ಯಾರನ್ನು ಕೇಳಿದರೂ ಹೇಳುತ್ತಾರೆ.

ಮಿಕ್ಕ ಮಾಹಿತಿ ಇಲಾಖೆಗಳಲ್ಲೇ ಇದೆ. ಮಳೆಮಾಪಕದ ಅಂಕಿ ಒಂದು ಕಡೆ, ಸರ್ವೆ ನಂಬರ್ ಪ್ರಕಾರ ಮಾಡಿದ ಬೆಳೆ ಸಮೀಕ್ಷೆ ಇನ್ನೊಂದು ಕಡೆ, ವಿಮೆಗಾಗಿ ಮಾಡಿದ ಬೆಳೆ ಕಟಾವು ಪ್ರಯೋಗ ಮತ್ತೊಂದು ಕಡೆ. ಚೌಕು ಮಡಿ ಮಾಡಿದ, ಹೊಂಡ ಇರುವ ಸರ್ವೆ ನಂಬರುಗಳನ್ನು ಇವುಗಳ ಜೊತೆ ಜೋಡಿಸಿ, ಅದೇ ಮಣ್ಣಿನ, ಏನೂ ಮಾಡದ ಪಕ್ಕದ ಹೊಲಗಳಲ್ಲೂ ಇಳುವರಿ ತೂಗಿ ಹೋಲಿಸಿ, ಫಲಿತಾಂಶವನ್ನು ಗ್ರಾಮಸಭೆಯ ಮುಂದೆ ಇಡಬೇಕು. ಹಾಗೆ ಮಾಡುವಾಗ ಒಂದು ಎಚ್ಚರ ಬೇಕು: ಉತಾರದಲ್ಲಿ (ಪಹಣಿಯಲ್ಲಿ) ಇರುವುದು ಹೊಲದ ಒಡೆಯನ ಹೆಸರು. ಲಾವಣಿಗೆ (ಗೇಣಿಗೆ) ಹಿಡಿದು ಉಳುವವನ ಹೆಸರಾಗಲಿ, ಹೊಲದ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡುವ ಹೆಣ್ಣುಮಗಳ ಹೆಸರಾಗಲಿ ಸಾಮಾನ್ಯವಾಗಿ ಅಲ್ಲಿ ಇರುವುದಿಲ್ಲ. ಅವರಿಬ್ಬರನ್ನು ಕೇಳಿ ಬರೆದುಕೊಳ್ಳಲು ಆ ನಮೂನೆಯಲ್ಲಿ ಎರಡು ಕಾಲಂ ಹೆಚ್ಚಿಗೆ ಇರಲಿ.