ಹೆಲ್ಮೆಟ್ ಕೊಟ್ಟಾಯ್ತಲ್ಲ, ಇನ್ನೇನು ಬೇಕು?

ಪ್ರಶ್ನೆ: 30×40 ಸೈಟಿನಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಕೆಲಸದವರಿಗೆಲ್ಲ ಹೆಲ್ಮೆಟ್ ಕೊಡಿಸಿದ್ದೇವೆ. ಸೇಫ್ಟಿಗೆ ಇನ್ನೇನಾದರೂ ಮಾಡಬೇಕಾ?

ಮತ್ತೆ ಅದೇ ಪ್ರಶ್ನೆ. ಕೆಲವರು ಹೆಲ್ಮೆಟ್ ಜಾಗದಲ್ಲಿ ಸೇಫ್ಟಿ ಬೆಲ್ಟ್ ಅಂತ ಬರೆಯುತ್ತಾರೆ, ಅಷ್ಟೇ ವ್ಯತ್ಯಾಸ. ಸಾಮಾನು ಕೊಡಿಸಿದರೆ ಸುರಕ್ಷತೆ ಆಯ್ತು ಅನ್ನೋ ನಂಬಿಕೆ ಮಾತ್ರ ಹೋಗುತ್ತಲೇ ಇಲ್ಲ. ಇವತ್ತು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹೆಲ್ಮೆಟ್ ಇರುವುದು ಮೇಲಿಂದ ತಲೆ ಮೇಲೆ ಬೀಳುವ ಸಣ್ಣಪುಟ್ಟ ವಸ್ತುಗಳಿಗೆ. ಇಟ್ಟಿಗೆ ಚೂರು, ಮೇಸ್ತ್ರಿ ಕೈಯಿಂದ ಜಾರಿದ ಕರಣೆ, ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವ ತನಕ ಹೊತ್ತು ನಿಲ್ಲುವ ಹಲಗೆ, ಕಂಬ) ಬಿಚ್ಚುವಾಗ ಉದುರಿದ ಮರದ ರಿಪೀಸು. ಮನುಷ್ಯನೇ ಬಿದ್ದರೆ? ಹತ್ತು ಅಡಿ ಎತ್ತರದ ಮೋಲ್ಡಿನ (ಕಾಂಕ್ರೀಟ್ ಛಾವಣಿಯ) ಅಂಚಿನಿಂದ ಜಾರಿದವನು ಮುಕ್ಕಾಲು ಸೆಕೆಂಡಿನಲ್ಲಿ ನೆಲಕ್ಕೆ ಬಡಿಯುತ್ತಾನೆ. ಆಗ ಅವನ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ಸೊಂಟ, ಬೆನ್ನುಮೂಳೆಗೆ ಹೆಲ್ಮೆಟ್ ಏನು ಮಾಡೀತು? ಗದ್ದದ ಪಟ್ಟಿ ಹಾಕಿರದಿದ್ದರೆ (ಯಾರು ಹಾಕ್ತಾರೆ ಹೇಳಿ) ಅದು ನಡುದಾರಿಯಲ್ಲೇ ಕಳಚಿ ಬಿದ್ದಿರುತ್ತದೆ.

ಪಾಯದ ಗುಂಡಿ ಕುಸಿದರೂ ಇದೇ ಕಥೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಜಾಸ್ತಿ ತೂಗುತ್ತದೆ. ಎದೆಮಟ್ಟ ಮಣ್ಣು ಮುಚ್ಚಿದರೆ ಸಾಕು, ತಲೆ ಹೊರಗಿದ್ದರೂ ಉಸಿರು ಎಳೆದುಕೊಳ್ಳಲು ಆಗುವುದಿಲ್ಲ. ಐದು ಅಡಿಗಿಂತ ಆಳ ತೋಡುವಾಗ ಪಕ್ಕಗಳನ್ನು ಇಳಿಜಾರಾಗಿ ಕಡಿಯಬೇಕು. ಜಾಗ ಇಲ್ಲದಿದ್ದರೆ ಹಲಗೆ, ಅಡ್ಡಮರ ಕೊಡಬೇಕು. ತೆಗೆದ ಮಣ್ಣನ್ನು ಅಂಚಿಗೇ ಗುಡ್ಡೆ ಹಾಕಬಾರದು. ನಮ್ಮಲ್ಲಿ ಹಾಕುವುದು ಸರಿಯಾಗಿ ಅಲ್ಲೇ.

ಇನ್ನು ಬೆಲ್ಟ್. ಅದರ ಹಗ್ಗ ಸುಮಾರು ಆರು ಅಡಿ. ಬಿದ್ದ ರಭಸ ತಡೆಯುವ ಪಟ್ಟಿ ಬಿಚ್ಚಿಕೊಳ್ಳಲು ಇನ್ನೂ ಮೂರು ನಾಲ್ಕು ಅಡಿ. ಬೆನ್ನಿನ ಕೊಂಡಿಯಿಂದ ಪಾದದ ತನಕ ಐದು ಅಡಿ. ಕೂಡಿಸಿ ನೋಡಿ: ಹುಕ್ ಹಾಕಿದ ಜಾಗದಿಂದ ಕೆಳಗೆ ಹದಿನೈದು ಅಡಿಯಾದರೂ ಖಾಲಿ ಇರಬೇಕು. ಮೊದಲನೇ ಮೋಲ್ಡಿನ ಮೇಲೆ ನಿಂತು ಕಾಲಬುಡದ ಕಂಬಿಗೆ ಹುಕ್ ಸಿಕ್ಕಿಸಿದವನು ಬೆಲ್ಟ್ ಸಮೇತ ನೆಲ ಮುಟ್ಟುತ್ತಾನೆ.

ಹಾಗಾದರೆ ಇವು ಬೇಡವೇ? ಬೇಕು, ಆದರೆ ಕೊನೆಗೆ. ಮೊದಲು ಬೀಳುವ ಜಾಗವನ್ನೇ ಮುಚ್ಚಬೇಕು. ಅದಕ್ಕೇ ಪ್ಲಾನ್ ಅನ್ನುವುದು. ಮೋಲ್ಡ್ ಹಾಕುವ ಹಿಂದಿನ ದಿನವೇ ಅಂಚಿನಲ್ಲಿ ಪೈಪ್ ನಿಲ್ಲಿಸಲು ತೂತು ಬಿಟ್ಟುಕೊಂಡರೆ, ಸೆಂಟ್ರಿಂಗ್ ಬಿಚ್ಚಿದ ದಿನ ಸೊಂಟದೆತ್ತರಕ್ಕೆ ಒಂದು, ನಡುವೆ ಇನ್ನೊಂದು ಅಡ್ಡಪೈಪ್ ಕಟ್ಟಬಹುದು. ಖರ್ಚು ಜಾಸ್ತಿ ಏನಿಲ್ಲ, ನೆನಪಿರಬೇಕು ಅಷ್ಟೇ. ಲಿಫ್ಟ್ ಗುಂಡಿ, ಮೆಟ್ಟಿಲ ಜಾಗಕ್ಕೂ ಹಾಗೆಯೇ. ಸುಮ್ನೆ ಒಂದು ಪ್ಲೈವುಡ್ ಮುಚ್ಚಿಟ್ಟರೆ ಸಾಲದು, ಯಾರೋ ಅದನ್ನು ಬೇರೆ ಕೆಲಸಕ್ಕೆ ಎತ್ತಿಕೊಂಡು ಹೋಗುತ್ತಾರೆ. ಮೊಳೆ ಹೊಡೆದು ಬಿಗಿ ಮಾಡಿ.

ಕರೆಂಟಿಗೆ, ಅದು ಸೋರಿದ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ, ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ಮತ್ತು ಕಟಿಂಗ್ ಮೆಷಿನ್ ಎರಡೂ ಅದರ ಮೂಲಕವೇ ಓಡಲಿ. ಕಂಬಿ ಬರುವುದು 12 ಮೀಟರ್ ಉದ್ದ. ಮನೆ ಮುಂದೆ ಹೈಟೆನ್ಷನ್ ಲೈನ್ ಇದ್ದರೆ ಕಂಬಿಯನ್ನು ಯಾವ ಕಡೆಯಿಂದ ಮೇಲೆತ್ತುತ್ತೀರಿ ಅಂತ ಲಾರಿ ಬರುವ ಮೊದಲೇ ಕಾಂಟ್ರಾಕ್ಟರ್ ಹತ್ತಿರ ಕೇಳಿ.

ಒಂದು ಪ್ರಶ್ನೆ ಯಾರೂ ಕೇಳುವುದಿಲ್ಲ, ಆದರೂ ಹೇಳಿಬಿಡುತ್ತೇನೆ: ಸಂಪಿನ ಸೆಂಟ್ರಿಂಗ್. ಸಂಪಿಗೆ ಮೋಲ್ಡ್ ಹಾಕಿ, ಕ್ಯೂರಿಂಗ್ ಅಂತ ವಾರಗಟ್ಟಲೆ ಮುಚ್ಚಿಟ್ಟಿರುತ್ತೀರಿ. ಒಳಗೆ ಒದ್ದೆ ಹಲಗೆ ಕೊಳೆಯುತ್ತಾ ಇರುತ್ತದೆ. ಕೊಳೆಯುವಾಗ ಅದು ಒಳಗಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಗಾಳಿಯಲ್ಲಿ ಅದು ಸುಮಾರು 21% ಇರಬೇಕು, 19.5%ಕ್ಕಿಂತ ಇಳಿದರೆ ಅಪಾಯ. ವಾಸನೆ ಬರಲ್ಲ, ಉಸಿರು ಕಟ್ಟಿದಂತೆಯೂ ಅನ್ನಿಸಲ್ಲ. ಸೆಂಟ್ರಿಂಗ್ ಬಿಚ್ಚಲು ಇಳಿದವನು ಸುಮ್ಮನೆ ಕುಸಿದು ಬೀಳುತ್ತಾನೆ. ಅವನನ್ನು ಎತ್ತಲು ಜೊತೆಗಾರ ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಪೇಪರಿನಲ್ಲಿ ಎರಡು ಸಾವು ಅಂತ ಬರುವುದು ಹೀಗೆ.

ದೀಪ ಇಳಿಬಿಟ್ಟು ನೋಡುವ ಹಳೇ ಪದ್ಧತಿ ನಂಬಬೇಡಿ, ಎಲ್ಲ ಅನಿಲವನ್ನೂ ಅದು ತೋರಿಸುವುದಿಲ್ಲ. ಹಿಂದಿನ ದಿನವೇ ಮುಚ್ಚಳ ತೆಗೆದಿಡಿ. ಬ್ಲೋವರ್ ಪೈಪನ್ನು ತಳದ ತನಕ ಬಿಟ್ಟು ಗಾಳಿ ಊದಿಸಿ, ಒಳಗೆ ಕೆಲಸ ಮುಗಿಯುವವರೆಗೂ ಆಫ್ ಮಾಡಬೇಡಿ. ಆಮ್ಲಜನಕ, ವಿಷಾನಿಲ ಎಷ್ಟಿದೆ ಅಂತ ತೋರಿಸುವ ಗ್ಯಾಸ್ ಮೀಟರ್ ಬಾಡಿಗೆಗೆ ಸಿಗುತ್ತದೆ, ಇಳಿಯುವ ಮೊದಲು ತಳದ ಗಾಳಿ ಅಳೆಯಿರಿ. ಪೆಟ್ರೋಲ್ ಪಂಪ್‌ಸೆಟ್ ಒಳಗಿಳಿಸಲೇಬೇಡಿ, ಅದರ ಹೊಗೆ ಇನ್ನೂ ಕೆಟ್ಟದ್ದು. ಇಳಿಯುವವನ ಮೈಗೆ ಹಗ್ಗ ಕಟ್ಟಿರಲಿ, ಮೇಲೆ ಇಬ್ಬರು ಕದಲದೆ ನಿಂತಿರಲಿ. ಒಳಗಿನವನು ಕರೆದಾಗ ಓಗೊಡದಿದ್ದರೆ ಮೇಲಿಂದಲೇ ಎಳೆಯಬೇಕು, 112ಕ್ಕೆ ಫೋನ್ ಮಾಡಬೇಕು. ಇನ್ನೊಬ್ಬ ಇಳಿಯಕೂಡದು, ಸ್ವಂತ ತಮ್ಮನೇ ಒಳಗಿದ್ದರೂ.