ಪೊಟ್ಟಣದೊಳಗಿನ ವಿಷದ ಅಣಬೆ

ಒಣಗಿದ ಅಣಬೆ ನೋಡೋಕೆ ಚೆಂದ ಇರುವುದಿಲ್ಲ. ಬಣ್ಣ ಹೋಗಿ, ಮುದುಡಿ, ಕಂದು ಚೂರಾಗಿರುತ್ತದೆ. ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡ, ಅಣಬೆಗಳನ್ನು ಕಾಪಾಡಿಡುವ ಸಂಗ್ರಹದಲ್ಲಿ, ಅದನ್ನು ಕಾಗದದ ಪೊಟ್ಟಣದಲ್ಲೋ ಪುಟ್ಟ ಡಬ್ಬಿಯಲ್ಲೋ ಇಟ್ಟು ಚೀಟಿ ಅಂಟಿಸುತ್ತಾರೆ. ಸಿಕ್ಕ ಜಾಗ, ತಾರೀಖು, ಕಿತ್ತವರ ಹೆಸರು, ಪಕ್ಕದಲ್ಲಿದ್ದ ಮರ. ತಾಜಾ ಇದ್ದಾಗಿನ ಬಣ್ಣ, ವಾಸನೆಯನ್ನೂ ಆಗಲೇ ಬರೆದಿಡಬೇಕು. ಒಣಗಿದ ಮೇಲೆ ಅವು ಸಿಗುವುದಿಲ್ಲ.

ಕ್ಯಾಲಿಫೋರ್ನಿಯಾದ ಓಕ್ ಮರಗಳ ಬುಡದಲ್ಲಿ ಡೆತ್ ಕ್ಯಾಪ್ ಎಂಬ ಅಣಬೆ ಧಾರಾಳವಾಗಿ ಏಳುತ್ತದೆ. ವಿಜ್ಞಾನದ ಹೆಸರು ಅಮಾನಿಟಾ ಫಲಾಯ್ಡಿಸ್. ತಿಳಿ ಹಸಿರು ಛಾಯೆಯ ಕೊಡೆ, ಬುಡದಲ್ಲಿ ಬಿಳಿ ಚೀಲ. ಎಷ್ಟು ಬೇಯಿಸಿದರೂ ಇದರ ವಿಷ ಹೋಗುವುದಿಲ್ಲ. ಲಿವರ್ ಕೆಡಿಸಿ ಜೀವ ತೆಗೆಯುತ್ತದೆ. ಇದು ಅಲ್ಲಿಯದೇ ಅಣಬೆಯೋ, ಯುರೋಪಿನಿಂದ ಬಂದದ್ದೋ?

ಯಾವ ಅಣಬೆ ಎಲ್ಲಿ ಸಿಕ್ಕಿತೆಂದು ಬರೆದ ಹಳೆಯ ಪಟ್ಟಿಗಳನ್ನು ನಂಬುವ ಹಾಗಿರಲಿಲ್ಲ. ಅಮೆರಿಕದಲ್ಲಿ ಹಿಂದೆ ಅಮಾನಿಟಾ ಕುಲದ ಬೇರೆ ಅಣಬೆಗಳಿಗೂ ಇದೇ ಹೆಸರು ಬರೆದದ್ದುಂಟು. ಬರೀ ಹೆಸರು ಉಳಿದಿದ್ದರೆ ಸರಿಯೋ ತಪ್ಪೋ ಇವತ್ತು ಹೇಳೋದು ಹೇಗೆ? ಪೊಟ್ಟಣ ಇದ್ದರೆ ಬಿಚ್ಚಿ ನೋಡಬಹುದು, ಅಲ್ವಾ? ಅಣಬೆಗಳ ವಿಜ್ಞಾನಿ ಆನ್ ಪ್ರಿಂಗಲ್ ಮತ್ತು ಸಂಗಡಿಗರು ಅದನ್ನೇ ಮಾಡಿದರು. ಹಳೆಯ ಅಣಬೆಗಳನ್ನು ಮತ್ತೆ ಪರೀಕ್ಷಿಸಿದರು, ಡಿಎನ್‌ಎ ಹೋಲಿಸಿದರು. 2009ರಲ್ಲಿ ಉತ್ತರ ಪ್ರಕಟವಾಯಿತು: ಹೊರಗಿನಿಂದ ಬಂದದ್ದೇ.

ಕ್ಯಾಲಿಫೋರ್ನಿಯಾದಲ್ಲಿ ಖಾತ್ರಿಯಾದ ಅತಿ ಹಳೆಯ ಡೆತ್ ಕ್ಯಾಪ್ 1938ರದ್ದು. ಸಿಕ್ಕಿದ್ದು ಮಾಂಟೆರೆಯ ಡೆಲ್ ಮಾಂಟೆ ಹೋಟೆಲಿನ ಆವರಣದಲ್ಲಿ. ಮುಂದಿನದು 1945ರಲ್ಲಿ, ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ. ಎರಡೂ ಕಾಡಲ್ಲ ನೋಡಿ. ಅಂದಕ್ಕೆಂದು ಎಲ್ಲೆಲ್ಲಿಂದಲೋ ಗಿಡ ತಂದು ನೆಟ್ಟ ಜಾಗಗಳು. ಚೀಟಿಯ ಮೇಲಿನ ಆ ಎರಡು ಸಾಲೇ ನನಗೆ ಎಲ್ಲಕ್ಕಿಂತ ಇಷ್ಟ. ಈ ಅಣಬೆ ಜೀವಂತ ಮರದ ಬೇರನ್ನು ಹೆಣೆದುಕೊಂಡೇ ಬದುಕುವುದು. ಹಾಗಾಗಿ ಸಸಿಯ ಬೇರಿನ ಮಣ್ಣಿನ ಜೊತೆ ಬಂದಿರುವ ಸಾಧ್ಯತೆ ಜಾಸ್ತಿ. ಆಮೇಲೆ ಅಲ್ಲಿನ ಓಕ್ ಮರಗಳಿಗೂ ಹಬ್ಬಿ ಕಾಡು ಸೇರಿತು.

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ನಮ್ಮ ಕನ್ನಡದವರೂ ಬಹಳ ಜನ ಇದ್ದಾರೆ. ಅವರಿಗೊಂದು ಮಾತು. ಎಳೆಯ ಡೆತ್ ಕ್ಯಾಪ್ ಥೇಟ್ ಭತ್ತದ ಹುಲ್ಲಿನ ಅಣಬೆಯ ಮೊಗ್ಗಿನ ಹಾಗೆ ಕಾಣುತ್ತದೆ. ಏಷ್ಯಾದಿಂದ ಹೋಗಿ ನೆಲೆಸಿದವರು ಹೀಗೇ ಮೋಸ ಹೋಗಿದ್ದಾರೆ. ಎರಡಕ್ಕೂ ಬುಡದಲ್ಲಿ ಚೀಲ ಇದೆ. ಬೀಜಾಣುಗಳ ಬಣ್ಣ ಬೇರೆ: ಹುಲ್ಲಿನ ಅಣಬೆಯದು ಗುಲಾಬಿ, ಡೆತ್ ಕ್ಯಾಪಿನದು ಬಿಳಿ. ಆದರೆ ಮೊಗ್ಗಾಗಿರುವಾಗ ಅದೂ ತಿಳಿಯುವುದಿಲ್ಲ. ದಯವಿಟ್ಟು ಅಲ್ಲಿ ಅಣಬೆ ಕಿತ್ತು ತಂದು ಸಾರು ಮಾಡಬೇಡಿ.