ಹೊಸಿಲು ಎಷ್ಟು ಇಂಚಿರಬೇಕು?

ಅಮ್ಮನ ಮಂಡಿ ಆಪರೇಷನ್ ಮುಗಿಸಿ ಮನೆಗೆ ಕರೆತಂದ ಸಂಜೆ ನಾನು ಅಳತೆ ಟೇಪು ಹುಡುಕಬೇಕಾಯಿತು. ಬಚ್ಚಲುಮನೆಯ ಬಾಗಿಲಲ್ಲಿ ವಾಕರ್ ಸಿಕ್ಕಿಕೊಂಡಿತ್ತು. ಕಾಗದದ ಮೇಲೆ ಅದು ಎರಡೂವರೆ ಅಡಿ ಬಾಗಿಲು, ಅಂದರೆ 30 ಇಂಚು. ಎರಡೂ ಕಡೆಯ ಚೌಕಟ್ಟಿಗೆ 5 ಇಂಚು ಹೋಯಿತು. ತೆರೆದು ನಿಂತ ಬಾಗಿಲಿನ ದಪ್ಪ ಇನ್ನೊಂದು ಒಂದೂಕಾಲು ಇಂಚು ನುಂಗಿತು. ಉಳಿದದ್ದು ಇಪ್ಪತ್ತಮೂರು ಮುಕ್ಕಾಲು. ವಾಕರ್ ಅಗಲ 24. ಕಾಲಿಂಚಿಗಾಗಿ ಅಮ್ಮ ಆರು ವಾರ ಪರದಾಡಿದರು.

ಕೆಳಗೆ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಇನ್ನೊಂದು ತಮಾಷೆ. ಮೂರು ಮೆಟ್ಟಿಲು, ಪಕ್ಕದಲ್ಲಿ ಒಂದು ಇಳಿಜಾರು. ಒಟ್ಟು ಎತ್ತರ ಒಂದೂವರೆ ಅಡಿ, ಇಳಿಜಾರಿನ ಉದ್ದ 6 ಅಡಿ. ಒಂದು ಅಡಿ ಏರಬೇಕಾದರೆ 12 ಅಡಿ ಉದ್ದ ಬಿಡಬೇಕು ಅನ್ನುತ್ತದೆ ನಿಯಮ. ಅಂದರೆ ಇಲ್ಲಿ 18 ಅಡಿ ಇರಬೇಕಿತ್ತು. ಈ ಲೆಕ್ಕವನ್ನು ಯಾರೋ ಸುಮ್ನೆ ಬರೆದಿಟ್ಟಿಲ್ಲ. ಮನುಷ್ಯ, ಗಾಲಿಕುರ್ಚಿ ಸೇರಿ 90 ಕೆಜಿ ಅಂದುಕೊಳ್ಳಿ. 12ಕ್ಕೆ 1ರ ಇಳಿಜಾರಲ್ಲಿ ಅದನ್ನು ತಳ್ಳೋಕೆ ಏಳೂವರೆ ಕೆಜಿ ಎತ್ತುವಷ್ಟು ಬಲ ಸಾಕು. ನಮ್ಮ 4ಕ್ಕೆ 1ರ ಇಳಿಜಾರಲ್ಲಿ ಸುಮಾರು 22 ಕೆಜಿ. ಹೆಚ್ಚೂಕಮ್ಮಿ ಒಂದು ಅಕ್ಕಿ ಚೀಲ. ಇಳಿಯುವಾಗಲೂ ಅಷ್ಟೇ ಬಲ ಹಾಕಿ ತಡೆಹಿಡಿಯಬೇಕು, ಇಲ್ಲಾಂದ್ರೆ ಕುರ್ಚಿ ನೇರ ರಸ್ತೆಗೆ.

ಹೊಟ್ಟೆ ಉರಿಯುವುದು ಎಲ್ಲಿ ಅಂದ್ರೆ, ಪ್ಲಾನ್ ಹಾಕುವಾಗ ಪೆನ್ಸಿಲಿನಲ್ಲಿ ಗೆರೆ ಸ್ವಲ್ಪ ಸರಿಸಿದ್ದರೆ ಸಾಕಿತ್ತು. ಹೆಚ್ಚೇನೂ ಖರ್ಚಾಗುತ್ತಿರಲಿಲ್ಲ. ಈಗ ಗೋಡೆಯನ್ನೇ ಒಡೆಯಬೇಕು.

ಹಾಗಾಗಿ ತುಮಕೂರಿನಲ್ಲಿ ಮನೆ ಕಟ್ಟಿಸಲು ಹೊರಟ ತಂಗಿ ವಾಟ್ಸಾಪಿನಲ್ಲಿ ಪ್ಲಾನ್ ಕಳಿಸಿದಾಗ ನಾನು ಅದನ್ನು ಪ್ರಿಂಟ್ ಹಾಕಿಸಿ, ಪೆನ್ಸಿಲ್ ಹಿಡಿದು ಕೂತೆ. ಬಾಗಿಲುಗಳನ್ನೆಲ್ಲ ಮೂರು ಅಡಿಗೆ ಏರಿಸಿದೆ. ಆಮೇಲೆ ನೈರುತ್ಯ ಮೂಲೆ ನೋಡಿದೆ. ವಾಸ್ತು ಪ್ರಕಾರ ಅಲ್ಲಿ ಯಜಮಾನರ ಮಲಗುವ ಕೋಣೆ, ಪಶ್ಚಿಮಕ್ಕೆ ಆರಡಿ ಗಾಜಿನ ಕಿಟಕಿ. ವಾಸ್ತು ಜಗಳ ನನಗೆ ಬೇಡ. ಆದರೆ ಮನೆಯಲ್ಲಿ ಜಾಸ್ತಿ ಕಾಯುವ ಮೂಲೆ ಅದೇ. ಇಳಿಬಿಸಿಲು ಅಡ್ಡಡ್ಡ ಬರುತ್ತದೆ, ಎಷ್ಟು ಉದ್ದದ ಸಜ್ಜಾ ಕೊಟ್ಟರೂ ತಪ್ಪಿಸಿಕೊಂಡು ಒಳಗೆ ನುಗ್ಗುತ್ತದೆ. ಗಾಜಿನದ್ದು ಇನ್ನೊಂದು ಗುಣ. ಬಿಸಿಲನ್ನು ಒಳಗೆ ಬಿಡುತ್ತದೆ. ಆ ಬಿಸಿಲಿಗೆ ಕಾದ ಹಾಸಿಗೆ, ನೆಲ, ಬೀರು ತಿರುಗಿ ಹೊರಸೂಸುವ ಶಾಖದ ಅಲೆಗಳು ಉದ್ದನೆಯವು. ಅವನ್ನು ಗಾಜು ಹೊರಗೆ ಬಿಡುವುದಿಲ್ಲ. ಬಿಸಿಲಿಗಾಗಿ ಹಂಬಲಿಸುವ ಚಳಿ ದೇಶಗಳಿಗೆ ಇದು ವರ. ನಮ್ಮ ಹೊರವರ್ತುಲ ರಸ್ತೆಯ ಗಾಜಿನ ಆಫೀಸುಗಳಿಗೆ ಇದೇ ಕರೆಂಟ್ ಬಿಲ್ಲು.

ಗೋಡೆಯ ಕಥೆ ಬೇರೆ. ಅದು ಮಧ್ಯಾಹ್ನ ಕುಡಿದ ಶಾಖವನ್ನು ಕೆಲವು ಗಂಟೆ ತಡವಾಗಿ ಕಕ್ಕುತ್ತದೆ. ಏಪ್ರಿಲ್‌ನಲ್ಲಿ ರಾತ್ರಿ ಮಲಗುವ ಮುಂಚೆ ಪಶ್ಚಿಮದ ಗೋಡೆಗೆ ಅಂಗೈ ಇಟ್ಟು ನೋಡಿ, ಗೊತ್ತಾಗುತ್ತದೆ. ಅಲ್ಲಿ ಮೆಟ್ಟಿಲು, ಬಚ್ಚಲು, ಬೀರು ಇಟ್ಟರೆ ಬಿಸಿ ಅವುಗಳ ಪಾಲಾಗುತ್ತದೆ. ಹೊರಗೊಂದು ಹೊಂಗೆ ಗಿಡ ಇದ್ದರಂತೂ ಕೇಳುವುದೇ ಬೇಡ. ಹೊಂಗೆ ನೆರಳು ತಾಯಿ ಮಡಿಲಿದ್ದಂತೆ ಅಂತಾರಲ್ಲ. ದಕ್ಷಿಣದ ಗೋಡೆ ಮಾತ್ರ ಪಾಪದ್ದು. ಡಿಸೆಂಬರ್‌ನಲ್ಲೂ ನಡುಹಗಲ ಸೂರ್ಯ 50 ಡಿಗ್ರಿಗಿಂತ ಮೇಲೇ ಇರುತ್ತಾನೆ, ಎರಡಡಿ ಸಜ್ಜಾ ಕಿಟಕಿಯ ಬಹುಪಾಲನ್ನು ಕಾಯುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ತುಮಕೂರಿನಲ್ಲೂ ಬೆಂಗಳೂರಿನಲ್ಲೂ ಸೂರ್ಯ ಸರಿಯಾಗಿ ನೆತ್ತಿಗೆ ಬಂದು, ನೆಟ್ಟ ಕಂಬದ ನೆರಳೇ ಮಾಯವಾಗುತ್ತದೆ. ಆ ದಿನಗಳಲ್ಲಿ ಪೆಟ್ಟು ತಿನ್ನುವುದು ತಾರಸಿ. ಬಿಳಿ ಸುಣ್ಣ ಬಳಿದರೂ ಒಳಗೆ ವ್ಯತ್ಯಾಸ ಕಾಣುತ್ತದೆ.

ಪ್ಲಾನಿನಲ್ಲಿ ಬಾಗಿಲ ಮೇಲಿನ ಗವಾಕ್ಷಿಗಳು ಇರಲಿಲ್ಲ. ಎಸಿ ಹಾಕಿಸ್ತೀವಲ್ಲ ಅಂದಳು ತಂಗಿ. ನನ್ನ ಹತ್ತಿರ ಗಾಳಿ ಅಳೆಯುವ ಪುಟ್ಟ ಮೀಟರ್ ಒಂದಿದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಭಾಗ. ಕಿಟಕಿ ಬಾಗಿಲು ಮುಚ್ಚಿ ಇಬ್ಬರು ಮಲಗಿದ ನಮ್ಮ ಕೋಣೆಯಲ್ಲಿ ಬೆಳಗ್ಗೆ ಅದು 2,000 ದಾಟಿತ್ತು. ಮಾಮೂಲಿ ಮನೆ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಕಿಟಕಿ ಎರಡು ಬೆರಳು ತೆರೆದಿಟ್ಟು ಮಲಗಿದ ಮಾರನೆಯ ದಿನ ಮೀಟರ್ ಅರ್ಧಕ್ಕಿಂತ ಕೆಳಗಿಳಿದಿತ್ತು. ಬಿಸಿಗಾಳಿ ಹಗುರ, ಮೇಲೇರುತ್ತದೆ. ಅದಕ್ಕೆ ಮೇಲೊಂದು ದಾರಿ ಕೊಟ್ಟರೆ ಕೆಳಗಿನಿಂದ ತಣ್ಣಗಿನದು ತಾನಾಗಿ ಬರುತ್ತದೆ. ಗವಾಕ್ಷಿ ಮಾಡುತ್ತಿದ್ದದ್ದು ಇಷ್ಟೇ.

ಇನ್ನು ಗೋಡೆ ಯಾವುದರದ್ದು? ಇಲ್ಲಿ ನನಗೆ ಮಾತು ಜಾಸ್ತಿ. ಸಿಮೆಂಟ್ ಶುರುವಾಗುವುದು ಸುಣ್ಣದ ಕಲ್ಲಿನಿಂದ. ಶುದ್ಧ ಸುಣ್ಣದ ಕಲ್ಲು 100 ಕೆಜಿ ಸುಟ್ಟರೆ ಉಳಿಯುವುದು 56 ಕೆಜಿ ಸುಟ್ಟ ಸುಣ್ಣ. ಮಿಕ್ಕ 44 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಆಕಾಶಕ್ಕೆ. ಒಲೆಗೆ ಸೋಲಾರ್ ಕರೆಂಟ್ ಕೊಟ್ಟರೂ ಇದು ತಪ್ಪುವುದಿಲ್ಲ, ಯಾಕೆಂದರೆ ಅನಿಲ ಇರುವುದು ಕಲ್ಲಿನೊಳಗೇ. ಸುಟ್ಟ ಇಟ್ಟಿಗೆಗೆ ಗೂಡು ಬೇಕು, ಗೂಡಿಗೆ ಸೌದೆಯೋ ಕಲ್ಲಿದ್ದಲೋ ಬೇಕು.

ಸುಡದೆಯೂ ಇಟ್ಟಿಗೆ ಮಾಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ, ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನ ರೂಪಿಸುವ 'ಅಸ್ತ್ರ' ಎಂಬ ಬಳಗ ಶುರುವಾಯಿತು. ಹಳ್ಳಿಯವರಿಗೆ ಅಸ್ತ್ರ ಒಲೆ ಅಂದರೆ ಗೊತ್ತು. ಅದೇ ಬಳಗದಲ್ಲಿ ಕೆ.ಎಸ್. ಜಗದೀಶ್ ಮತ್ತಿತರರು ಮಣ್ಣಿನ ಬ್ಲಾಕ್ ಪಳಗಿಸಿದರು. ಮಣ್ಣಿಗೆ ಮರಳು, ನೂರಕ್ಕೆ ಏಳರಷ್ಟು ಸಿಮೆಂಟ್, ಸ್ವಲ್ಪವೇ ನೀರು. ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ ತೆಗೆದು, ಗೋಣಿಚೀಲ ಹೊದಿಸಿ ಮೂರ್ನಾಲ್ಕು ವಾರ ನೀರು ಹಾಕಿದರೆ ಆಯಿತು.

ತಂಗಿಯ ಸೈಟಿನ ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಕುಲುಕಿ ಇಟ್ಟೆ. ಮರಳು ಒಂದು ನಿಮಿಷದೊಳಗೆ ತಳ ಸೇರಿತು. ಆಮೇಲೆ ಸಣ್ಣ ಧೂಳಿನಂಥ ಗೋಡು. ಕೆಂಪು ಜೇಡಿ ಮಾತ್ರ ಮಾರನೆಯ ದಿನದವರೆಗೂ ನೀರಲ್ಲೇ ತೇಲುತ್ತಿತ್ತು. ಪದರಗಳನ್ನು ಸ್ಕೇಲಿನಲ್ಲಿ ಅಳೆದರೆ ಎಷ್ಟು ಮರಳು ಸೇರಿಸಬೇಕೆಂದು ತಿಳಿಯುತ್ತದೆ. ನಮ್ಮ ಕಡೆಯ ಕೆಂಪು ಮಣ್ಣು ಈ ಕೆಲಸಕ್ಕೆ ಒಳ್ಳೆಯದು. ಉತ್ತರದ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ, ಅದಕ್ಕೆ ಸುಣ್ಣ ಬೇಕು. ಸಂಪು ತೋಡಿದ ಮಣ್ಣಿನಿಂದಲೇ ಗೋಡೆಯ ಒಂದಿಷ್ಟು ಭಾಗ ಎದ್ದು ನಿಲ್ಲಬಹುದು. ಇಲ್ಲಾಂದ್ರೆ ಆ ಮಣ್ಣು ರಾತ್ರೋರಾತ್ರಿ ಲಾರಿ ಹತ್ತಿ ಯಾವುದೋ ಕೆರೆಯಂಗಳ ಸೇರುತ್ತದೆ, ಅಲ್ವಾ?

ಮಳೆ ಎರಚಲಿಗೆ ಮಾತ್ರ ಹುಷಾರಾಗಿರಬೇಕು. ಗೋಡೆಯ ಕಾಲಿಗೆ ಕಲ್ಲಿನ ತಳಪಾಯ, ತಲೆಗೆ ಮುಂದೆ ಚಾಚಿದ ಸೂರು ಕೊಡಲೇಬೇಕು.

ತಂಗಿ ಮೇಸ್ತ್ರಿ ಜೊತೆ ಕೂತು ಬಹಳಷ್ಟಕ್ಕೆ ಒಪ್ಪಿದಳು. ಎಸಿ ಬಿಡಲಿಲ್ಲ, ಗವಾಕ್ಷಿಯೂ ಇರಲಿ ಅಂದಳು. ಬಾಗಿಲುಗಳಿಗೆ ಹೊಸಿಲೇ ಬೇಡ, ನೆಲ ಸಮ ಇರಲಿ ಅಂತ ನಾನು ಬರೆದದ್ದಕ್ಕೆ ತಕರಾರು ಬಂದದ್ದು ಅಮ್ಮನಿಂದ. ವಾಕರ್ ಮೇಲೆ ಎರಡೂ ಕೈ ಊರಿಕೊಂಡೇ ಕೇಳಿದರು, "ಹೊಸಿಲಿಲ್ಲದ ಮನೆಗೆ ಅರಿಶಿನ ಕುಂಕುಮ ಎಲ್ಲಿ ಹಚ್ಚೋದು?"

ಕೊನೆಗೆ ತಲೆಬಾಗಿಲಿಗೆ ಮಾತ್ರ ಅರ್ಧ ಇಂಚಿನ ಮರದ ಹೊಸಿಲು, ಎರಡೂ ಅಂಚು ಇಳಿಜಾರಾಗಿ ಹೆರೆದದ್ದು ಅಂತ ತೀರ್ಮಾನವಾಯಿತು. ಮೇಸ್ತ್ರಿ ನಗುತ್ತಾ ಬರೆದುಕೊಂಡ. ಅಮ್ಮ ಮುಕ್ಕಾಲು ಇಂಚು ಕೇಳುತ್ತಿದ್ದಾರೆ.